ಐದನೆಯ ತಟ್ಟೆ

ಅಮಾನಿಯ ನಿಕಾಹ್‌ಗೆ ಇನ್ನು ಮೂರು ವಾರ ಉಳಿದಿರುವಾಗ, ಬೀರುವಿನ ಮೇಲಿನ ಪಾತ್ರೆಪಗಡಗಳನ್ನು ಇಳಿಸಿ ತೊಳೆಯುವ ಕೆಲಸಕ್ಕೆ ಮನೆಯ ಮೂವರು ಹೆಂಗಸರೂ ನಿಂತರು. ನಿಂತರು ಅನ್ನುವುದು ಮಾತಿಗೆ. ಅಜ್ಜಿ ತಫೀದಾ ಸೋಫಾದಲ್ಲಿ ಕಾಲು ಮಡಚಿ ಕೂತು ಅಪ್ಪಣೆ ಕೊಡುತ್ತಿದ್ದಳು. ಎಂಬತ್ತು ದಾಟಿದ ಆಕೆಯ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ನಾಲಿಗೆಗೆ ಮಾತ್ರ ಏನೂ ಬಂದಿರಲಿಲ್ಲ. ಅಮಾನಿ ಕುರ್ಚಿ ಹತ್ತಿ ಒಂದೊಂದೇ ಇಳಿಸಿ ಕೊಡುತ್ತಿದ್ದಳು. ಅವಳ ತಾಯಿ ರತೀಬಾ ಕೆಳಗೆ ನಿಂತು, ಮಗಳ ಜೊತೆ ಹೋಗಬೇಕಾದದ್ದು ಒಂದು ಕಡೆ, ಮನೆಯಲ್ಲಿ ಉಳಿಯಬೇಕಾದದ್ದು ಒಂದು ಕಡೆ ಎಂದು ಬೇರೆ ಮಾಡುತ್ತಿದ್ದಳು.

ಕೆಳಗಿನ ಅಂತಸ್ತಿನಲ್ಲಿ ಅಪ್ಪ ಫಿಕ್ರಿಯ ಮರಗೆಲಸದ ಅಂಗಡಿ. ಮರಗೆಲಸಕ್ಕೇ ಹೆಸರಾದ ದುಮ್ಯಾತ್‌ನಲ್ಲಿ ಮನೆ ಅಂದ ಮೇಲೆ ಕೆಳಗೊಂದು ಗರಗಸದ ಸದ್ದು ಇರಲೇಬೇಕು. ಆ ವಾರ ಅಲ್ಲಿ ಬೇರೆಯವರ ಕೆಲಸವೆಲ್ಲ ನಿಂತು ಅಮಾನಿಯ ಮಂಚದ ತಲೆಹಲಗೆಗೆ ಬಳ್ಳಿ ಕೆತ್ತುವುದು ನಡೆದಿತ್ತು. ಅದಕ್ಕೆ ಅರಗಿನ ಮೆರುಗು ಕೊಡುವವನು ಮದುಮಗನೇ. ಹೈಸಮ್ ಆ ಕೆಲಸದಲ್ಲಿ ಬೀದಿಗೆಲ್ಲ ಹೆಸರಾದ ಹುಡುಗ, ಪಕ್ಕದ ಮನೆಯ ವಗೀಹಾಳ ಒಬ್ಬನೇ ಮಗ. ವಗೀಹಾ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

"ಅಮ್ಮಾ, ಈ ತಟ್ಟೆ ಯಾರದು? ನಮ್ಮದಲ್ಲ."

ಪಿಂಗಾಣಿ ತಟ್ಟೆ. ಹಸಿರು ಅಂಚು, ನಡುವೆ ಒಂದು ಹುಂಜ. ಧೂಳು ಮೆತ್ತಿಕೊಂಡು ಹುಂಜಕ್ಕೆ ಮುದಿತನ ಬಂದಹಾಗಿತ್ತು.

"ತಾ ಇಲ್ಲಿ," ಎಂದಳು ತಫೀದಾ. ಹೆಬ್ಬೆರಳಿನಿಂದ ಅಂಚನ್ನು ಸುತ್ತಲೂ ಸವರಿದಳು. "ಇದು ಗಲೀಲಾಳ ತಟ್ಟೆ ಕಣೇ. ನಿನ್ನ ಹೈಸಮ್‌ನ ಅಜ್ಜೀದು. ಅಂಚಿಗೆ ಹಿಂಗೆ ಹಲ್ಲು ಹಲ್ಲು ಇರೋ ತಟ್ಟೆ ಅವಳ ಮನೇಲಿ ಮಾತ್ರ ಇದ್ದಿದ್ದು. ಆದ್ರೆ ನಾಲ್ಕನ್ನೂ ನಾನೇ ತುಂಬಿಸಿ ವಾಪಸ್ ಕೊಟ್ಟಿದ್ದೆನಲ್ಲ. ಇದೆಲ್ಲಿಂದ ಬಂತು?"

"ಬೇರೆ ಯಾವಾಗಲೋ ಬಂದಿರ್ಬೇಕು ಅತ್ತೆ," ಎಂದ ರತೀಬಾ ತಟ್ಟೆಯನ್ನು ತೆಗೆದುಕೊಂಡು ಅಡುಗೆಮನೆಗೆ ಹೋದಳು. ತೊಳೆದಳು. ಮತ್ತೆ ತೊಳೆದಳು. ಆ ಮಧ್ಯಾಹ್ನ ಅನ್ನ ಸೀದುಹೋಯಿತು.

ನಾಲ್ಕು ತಟ್ಟೆಗಳ ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಇಪ್ಪತ್ತೇಳು ವರ್ಷದ ಹಿಂದೆ ರತೀಬಾಳ ಚೊಚ್ಚಲ ಗಂಡುಮಗು ಮೂರು ದಿನ ಬದುಕಿ ಹೋಯಿತು. ಮಗು ಹೋದರೂ ಎದೆಯ ಹಾಲು ಹೋಗಲಿಲ್ಲ. ಅದೇ ವಾರ ಪಕ್ಕದ ಮನೆಯಲ್ಲಿ ವಗೀಹಾ ಹೈಸಮ್‌ನನ್ನು ಹೆತ್ತಳು. ಎರಡನೆಯ ದಿನಕ್ಕೆ ಜ್ವರ ಏರಿ ಆಸ್ಪತ್ರೆ ಸೇರಿದಳು. ಕೂಸಿಗೆ ಹಾಕಿದ ಡಬ್ಬಿಹಾಲು ಹಗಲೆಲ್ಲ ಅರ್ಧ ಹೊಟ್ಟೆಗೆ, ಅರ್ಧ ಹೊರಗೆ. ಸಂಜೆಯಾದರೆ ಅದರ ಅಳು ಬೀದಿಗೆಲ್ಲ ಕೇಳುತ್ತಿತ್ತು. ಆಗ ಅಜ್ಜಿ ಗಲೀಲಾ ಕೂಸನ್ನು ತಂದು ರತೀಬಾಳ ಮಡಿಲಿಗಿಟ್ಟಳು. ದಿನಕ್ಕೊಂದು ಸಲದಂತೆ ನಾಲ್ಕು ಸಂಜೆ. ಪ್ರತಿ ಮರುದಿನ ಬೆಳಗ್ಗೆ ಗಲೀಲಾಳ ಮನೆಯಿಂದ ಒಂದು ತಟ್ಟೆ ಬರುತ್ತಿತ್ತು: ಒಂದು ದಿನ ಈರುಳ್ಳಿ ತುಂಬಿದ ಬಾತುಕೋಳಿ, ಒಂದು ದಿನ ಹುರಿದ ಮೀನು, ಒಂದು ದಿನ ತುಪ್ಪದ ರೊಟ್ಟಿ, ಒಂದು ದಿನ ಬಿಳಿ ಚೀಸ್. ತುಂಬಿ ಬಂದ ತಟ್ಟೆ ಖಾಲಿ ಹಿಂದಿರುಗುವಂತಿಲ್ಲ. ಸೊಸೆ ಹಾಸಿಗೆಯಲ್ಲಿದ್ದುದರಿಂದ ತಫೀದಾಳೇ ನಾಲ್ಕಕ್ಕೂ ಏನಾದರೂ ಹಾಕಿ ಕೊಟ್ಟಿದ್ದಳು.

ಹೋದ ವರ್ಷ ಹೈಸಮ್ ಅಮಾನಿಯನ್ನು ಕೇಳಿ ಬಂದಾಗ ಎಲ್ಲಕ್ಕಿಂತ ಮೊದಲು ವಿಚಾರಿಸಿದ್ದು ಇದನ್ನೇ. ಒಬ್ಬಳ ಎದೆಯಿಂದ ಐದು ಸಲ ಹೊಟ್ಟೆತುಂಬ ಕುಡಿದ ಕೂಸು ಅವಳ ಮಗನಾಗುತ್ತದೆ. ಅವಳ ಹೆಣ್ಣುಮಕ್ಕಳು ಅದಕ್ಕೆ ಅಕ್ಕತಂಗಿಯರು, ನಿಕಾಹ್‌ನ ಮಾತೇ ಇಲ್ಲ. ಐದಕ್ಕಿಂತ ಕಡಿಮೆಯಾದರೆ ಅಡ್ಡಿಯಿಲ್ಲ. ಮಸೀದಿಯ ಶೇಖ್ ಮಿತ್ವಲ್ಲಿಯವರ ಎದುರು ತಫೀದಾ ಬೆರಳು ಮಡಚಿ ಎಣಿಸಿದ್ದಳು: ಬಾತುಕೋಳಿ, ಮೀನು, ರೊಟ್ಟಿ, ಚೀಸ್. ನಾಲ್ಕು. ಶೇಖ್ ರತೀಬಾಳ ಕಡೆ ತಿರುಗಿ, ಹೌದೇನಮ್ಮ ಎಂದಿದ್ದರು. ಅವಳು ತಲೆಯಾಡಿಸಿದ್ದಳು.

ಈಗ ಹುಂಜದ ತಟ್ಟೆ ಒಲೆಯ ಪಕ್ಕ ಒಣಗುತ್ತಿತ್ತು.

ಅದು ಬಂದದ್ದು ಕೂಸು ಹುಟ್ಟಿದ ಏಳನೆಯ ದಿನದ ಮಿಠಾಯಿ ಹೊತ್ತುಕೊಂಡು. ವಗೀಹಾ ಆಸ್ಪತ್ರೆಯಿಂದ ಬಂದಿದ್ದಳು, ಎದೆಯಲ್ಲಿ ಹಾಲೂ ಬಂದಿತ್ತು. ಮಾತಾಡಿಸಿ ಬರೋಣ ಎಂದು ರತೀಬಾ ಹೋದಳು. ಬಂದವಳಿಗೆ ಬಾಣಂತಿಯ ಬಿಸಿ ಪಾನಕ ತರುತ್ತೇನೆಂದು ವಗೀಹಾ ಒಳಗೆ ಹೋದಾಗ, ರತೀಬಾ ನಿದ್ದೆಗಣ್ಣಲ್ಲಿದ್ದ ಕೂಸನ್ನು ಎತ್ತಿ ಎದೆಗೆ ಹಚ್ಚಿಕೊಂಡಳು. ಯಾರೂ ಕೇಳಿರಲಿಲ್ಲ, ಕೂಸು ಅತ್ತಿರಲಿಲ್ಲ. ಅದು ಕುಡಿದು, ತಾನಾಗಿಯೇ ಬಾಯಿ ಬಿಟ್ಟು ನಿದ್ದೆಹೋಯಿತು. ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ವಗೀಹಾ ನೋಡಿದಳು. ಸಂಜೆ ಮಿಠಾಯಿಯ ತಟ್ಟೆ ರತೀಬಾಳ ಕೈಗೇ ಬಂತು. ಸಾವಿನ ಮನೆಯಲ್ಲಿ ನಲವತ್ತು ದಿನ ಸಿಹಿ ಮಾಡುವಂತಿರಲಿಲ್ಲ, ಮಿಠಾಯಿಗೆ ಬದಲು ಖಾರ ಹಾಕಿ ಕೊಡುವುದು ಅಪಶಕುನ, ಖಾಲಿ ಕೊಡುವುದಂತೂ ಉಂಟೇ ಇಲ್ಲ. ಹಾಗೆ ತಟ್ಟೆ ಬೀರುವಿನ ಮೇಲೆ ಹೋಯಿತು.

ರತೀಬಾ ಇದನ್ನು ಮರೆತಿದ್ದಳೋ, ಮರೆಯಬೇಕೆಂದು ಮರೆತಿದ್ದಳೋ, ಅವಳಿಗೇ ಗೊತ್ತಿಲ್ಲ. ಆ ವಾರದ ನೆನಪಿಗೆ ಕೈಹಾಕಿದರೆ ಮೊದಲು ಸಿಗುತ್ತಿದ್ದುದು ತನ್ನ ಸತ್ತ ಮಗು. ಆದ್ದರಿಂದ ಅವಳು ಅತ್ತ ಹೋಗುತ್ತಲೇ ಇರಲಿಲ್ಲ.

ಮರುದಿನ ಬುತ್ತಿ ತೆಗೆದುಕೊಂಡು ಅಂಗಡಿಗಿಳಿದಳು.

"ರೀ, ಸ್ವಲ್ಪ ಗರಗಸ ನಿಲ್ಲಿಸಿ."

"ಊಟಾನಾ? ಅಲ್ಲಿಡು."

"ನಾಲ್ಕಲ್ಲ ರೀ. ಐದು."

"ಏನು ಐದು? ಕುರ್ಚಿನಾ? ಆರು ಮಾಡಿದೀನಿ."

ಅವಳು ಹೇಳಿದಳು. ಫಿಕ್ರಿ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ತೆಗೆದು, ನೋಡಿ, ಮತ್ತೆ ಸಿಕ್ಕಿಸಿಕೊಂಡ.

"ಯಾರು ನೋಡಿದ್ರು?"

"ವಗೀಹಾ."

"ವಗೀಹಾ ಮಣ್ಣೊಳಗಿದಾಳೆ."

"ನಾನು ಮೇಲಿದೀನಲ್ಲ."

"ಹೊಟ್ಟೆ ತುಂಬ ಕುಡಿದ ಅಂತ ಹೆಂಗೆ ಹೇಳ್ತೀಯಾ? ಅಳತೆ ಪಾವು ಇಟ್ಕೊಂಡಿದ್ಯಾ?"

"ತಾನೇ ಬಾಯಿ ಬಿಟ್ಟ. ನಿದ್ದೆ ಮಾಡ್ದ."

"ಮಕ್ಕಳು ಸುಮ್‌ಸುಮ್ನೇನೂ ನಿದ್ದೆ ಮಾಡ್ತವೆ." ಫಿಕ್ರಿ ಉಜ್ಜುಗೊರಡು ಎತ್ತಿಕೊಂಡು ನುಣುಪಾಗಿದ್ದ ಹಲಗೆಯನ್ನೇ ಮತ್ತೆ ಹೆರೆಯತೊಡಗಿದ. "ನೋಡು ರತೀಬಾ. ಆ ಪೋರ್ಟ್ ಸಯೀದ್ ಹುಡುಗ ಕೈಬಿಟ್ಟಾಗ ಇವಳು ವರ್ಷಗಟ್ಟಲೆ ಕಿಟಕಿ ತೆಗೀಲಿಲ್ಲ. ನೆನಪಿದೆಯಾ? ಈಗ ನಗ್ತಾಳೆ, ತಿಂತಾಳೆ, ನನ್ನ ಹತ್ರ ಮಂಚಕ್ಕೆ ಗುಲಾಬಿ ಬೇಡ ಬಳ್ಳಿ ಕೆತ್ತು ಅಂತ ಜಗಳಾಡ್ತಾಳೆ. ಎರಡನೇ ಸಲ ಮುರಿದ್ರೆ ಜನ ಹುಡುಗನ್ನ ಏನೂ ಅನ್ನಲ್ಲ, ಹುಡುಗೀಲೇ ಏನೋ ಇದೆ ಅಂತಾರೆ."

"ಅಣ್ಣ ತಂಗೀನ ಒಂದೇ ಮಂಚದಲ್ಲಿ ಮಲಗಿಸ್ಲಾ?"

ಗೊರಡು ನಿಂತಿತು. ಫಿಕ್ರಿ ಹೆಂಡತಿಯ ಮುಖ ನೋಡಲಿಲ್ಲ. "ಆ ಮಾತು ಇನ್ನೊಂದ್ಸಲ ಈ ಅಂಗಡೀಲಿ ಆಡ್ಬೇಡ. ಆ ಮಂಚ ಮಾಡ್ತಿರೋದು ನಾನು."

ಎರಡು ದಿನ ಕಳೆದು ರತೀಬಾ ಶೇಖ್ ಮಿತ್ವಲ್ಲಿಯವರಲ್ಲಿಗೆ ಹೋದಳು. ನಮ್ಮ ಸಂಬಂಧಿಕರಲ್ಲಿ ಒಬ್ಬಳು ಇದಾಳೆ ಎಂದು ಶುರುಮಾಡಿದಳು. ಶೇಖ್ ಕಣ್ಣುಮುಚ್ಚಿ ಪೂರ್ತಿ ಕೇಳಿದರು. ಆ ಸಂಬಂಧಿಕಳು ಯಾರು ಎಂದು ಕೇಳುವ ತೊಂದರೆ ತೆಗೆದುಕೊಳ್ಳಲಿಲ್ಲ.

"ಅವಳಿಗೆ ಹೇಳಮ್ಮ. ಸಂಶಯ ಇದ್ರೆ ನಾಲ್ಕು ಅಂತಲೇ ಲೆಕ್ಕ. ಸಂಶಯದ ಮೇಲೆ ಯಾರ ಮದುವೇನೂ ನಿಲ್ಲಲ್ಲ. ಅವಳಿಗೆ ಸಂಶಯ ಇದೆಯಾ?"

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ನನ್ನ ಹತ್ರ ಯಾಕೆ ಬಂದ್ಳು? ಗೊತ್ತಿರೋದನ್ನ ಗೊತ್ತಿಲ್ಲ ಅಂತ ಮಾಡಿಕೊಡೋ ಶಕ್ತಿ ನನಗಿಲ್ಲ ತಾಯಿ."

ಸಂಶಯಪಡುವುದಕ್ಕೆ ರತೀಬಾ ಇಡೀ ವಾರ ಹೆಣಗಿದಳು. ಬಟ್ಟೆ ಒಗೆಯುವಾಗ, ಅಕ್ಕಿ ಆರಿಸುವಾಗ ಕೂಸು ನಿಜವಾಗಿ ಕುಡಿಯಿತೇ, ಬರೀ ಚೀಪಿತೇ ಎಂದು ತನ್ನನ್ನೇ ಅಡ್ಡಪ್ರಶ್ನೆ ಕೇಳಿಕೊಂಡಳು. ಆ ದಿನ ಎದೆಯ ಬಿಗಿತ ಇಳಿದು ಹಗುರವಾದದ್ದು ನೆನಪಾಗುತ್ತಿತ್ತು. ಆ ಹಗುರವೇ ಈಗ ಅವಳ ಕೊರಳಿಗೆ ಬಂದಿತ್ತು.

ಶುಕ್ರವಾರ ಹೈಸಮ್ ಊಟಕ್ಕೆ ಬಂದ. ಅವನು ಬಾಗಿಲು ತಟ್ಟುವುದು ಮೂರು ಸಲ, ಬೇಗ ಬೇಗ. ಕೇಳಿದ ಕೂಡಲೇ ಮೂವರು ಹೆಂಗಸರೂ ತಲೆವಸ್ತ್ರಕ್ಕೆ ಕೈಹಾಕುವರು. ನಿಕಾಹ್ ಆಗುವ ತನಕ ಅವನು ಪರಪುರುಷನೇ. ಅಮಾನಿಯ ಜೊತೆ ಮಾತಿಗೆ ಕೂತರೆ ತಫೀದಾ ಸೋಫಾದ ನಟ್ಟನಡುವೆ ಕೂರುವಳು. ಕಣ್ಣು ಕಾಣದ ಕಾವಲುಗಾರ್ತಿ ಇವರಿಗೆ ಅನುಕೂಲವೇ ಎಂದು ಫಿಕ್ರಿ ಅನ್ನುತ್ತಿದ್ದುದುಂಟು.

"ಅಜ್ಜಿ, ನಿಮ್ಮ ಕಣ್ಣಿಗೆ ಆಪರೇಷನ್ ಮಾಡ್ಸೋಣ್ವಾ?" ಎಂದ ಹೈಸಮ್.

"ನಿಕಾಹ್ ಮುಗೀಲಿ, ಆಮೇಲೆ ಮಾಡ್ಸು. ಈಗ ಮಾಡ್ಸಿದ್ರೆ ನಿನಗೇ ನಷ್ಟ."

ಅಮಾನಿ ನಕ್ಕಳು. ಹೈಸಮ್ ತನ್ನ ತಟ್ಟೆಯ ಮಾಂಸದಲ್ಲಿ ಒಳ್ಳೆಯ ತುಂಡನ್ನು ಅವಳ ಕಡೆಗೆ ಸರಿಸಿದ. ಅವನ ಉಗುರುಗಳ ಸಂದಿನಲ್ಲಿ ಅರಗಿನ ಕಂದು ಕೂತಿತ್ತು, ಎಷ್ಟು ತೊಳೆದರೂ ಹೋಗದ್ದು. ರತೀಬಾ ಅವನ ಬಾಯನ್ನೇ ನೋಡುತ್ತ ಕೂತಿದ್ದವಳು ಎದ್ದು, ಉಪ್ಪು ತರುತ್ತೇನೆಂದು ಒಳಗೆ ಹೋಗಿ ಬರಿಗೈಯಲ್ಲಿ ವಾಪಸ್ಸಾದಳು.

ಅಷ್ಟರಲ್ಲಿ ಫಿಕ್ರಿ ತಾಯಿಗೆ ಹೇಳಿಯಾಗಿತ್ತು. ಆಮೇಲೆ ಆ ಮನೆಯಲ್ಲಿ ವಕೀಲರಿಗೆ ಬರವಿರಲಿಲ್ಲ.

"ಕುಡಿದ ಮೇಲೆ ತೇಗಿತಾ?" ಎಂದಳು ತಫೀದಾ.

"ನೆನಪಿಲ್ಲ ಅತ್ತೆ."

"ನೋಡು, ನೆನಪಿಲ್ಲ. ಅಷ್ಟೇ ಸಾಕು."

"ತೇಗಿದ್ದು ನೆನಪಿಲ್ಲ. ಕುಡಿದದ್ದು ನೆನಪಿದೆ."

"ಬಾಯಿ ಹಚ್ಚಿದ್ದೆಲ್ಲ ಊಟ ಅಲ್ಲ ಕಣೇ. ನಿನ್ನ ಗಂಡ ಎರಡು ವರ್ಷ ನನ್ನ ಸೆರಗಿನ ತುದೀನೂ ಚೀಪ್ತಿದ್ದ. ಹಂಗಂತ ಸೆರಗು ಅವನ ತಾಯಿನಾ?"

ಎರಡು ದಿನ ಇದೇ ಆಯಿತು. ಮೂರನೆಯ ಬೆಳಗ್ಗೆ ತಫೀದಾ ಗೋಡೆ ತಡವರಿಸಿಕೊಂಡು ಅಡುಗೆಮನೆಗೆ ಬಂದಳು. ತಟ್ಟೆಗಳ ಸಾಲನ್ನು ಒಂದೊಂದಾಗಿ ಸವರಿ, ಹಲ್ಲುಹಲ್ಲಿನ ಅಂಚು ಸಿಕ್ಕಿದ ಮೇಲೆ ಅದನ್ನು ಎರಡೂ ಕೈಯಲ್ಲಿ ಎತ್ತಿ ನೆಲಕ್ಕೆ ಬಿಟ್ಟಳು. ಹುಂಜ ಮೂರು ಚೂರಾಯಿತು.

"ಈಗ ನಾಲ್ಕೇ ಆಯ್ತು," ಎಂದಳು.

ಅದೇ ಹೊತ್ತಿಗೆ ಅಮಾನಿ ರೊಟ್ಟಿ ತಂದು ಬಾಗಿಲಲ್ಲಿ ನಿಂತಿದ್ದಳು. ಅವಳೇನು ದಡ್ಡಿಯಲ್ಲ. ಒಂದು ವಾರದಿಂದ ಅಪ್ಪ ಅಮ್ಮ ಮಾತು ಬಿಟ್ಟಿದ್ದನ್ನೂ, ಅಜ್ಜಿ ಪಿಸುಗುಟ್ಟುವುದನ್ನೂ ನೋಡಿದ್ದಳು. ತಫೀದಾಳ ಪಿಸುಮಾತು ಕೆಳಗಿನ ಅಂಗಡಿಗೂ ಕೇಳುವಂಥದ್ದು.

"ಏನು ನಾಲ್ಕು?" ಎಂದಳು.

ಅಮಾನಿ ತಾಯಿಯ ಕಡೆ ತಿರುಗಿ ಮತ್ತೆ ಕೇಳಿದಳು. ರತೀಬಾ ಚೂರುಗಳನ್ನು ಆರಿಸುತ್ತಲೇ ಹೇಳಿದಳು, ಮೊದಲಿಂದ ಕೊನೆಯವರೆಗೆ. ಹೇಳಿ ಮುಗಿಸಿದಾಗ ರೊಟ್ಟಿಯ ಬಿಸಿ ಆರಿಹೋಗಿತ್ತು.

"ನಂಗ್ಯಾಕೆ ಹೇಳ್ದೆ?" ಎಂದಳು ಅಮಾನಿ.

"ನೀನೇ ಕೇಳ್ದೆ."

"ಕೇಳಿದ್ರೆ ಸುಳ್ಳು ಹೇಳ್ಬೇಕಿತ್ತು. ಮೊಟ್ಟೆ ಎಷ್ಟಕ್ಕೆ ತಂದೆ ಅಂದ್ರೆ ಅಪ್ಪನಿಗೆ ದಿನಾ ಸುಳ್ಳು ಹೇಳ್ತೀಯಲ್ಲ, ಇದನ್ನ ಹೇಳಕ್ಕಾಗ್ಲಿಲ್ವಾ? ನಿನ್ನೊಬ್ಬಳ ತಲೆ ಮೇಲಿತ್ತು. ಈಗ ನನ್ನ ತಲೆಗೂ ತಂದಿಟ್ಟೆ."

"ಈಗ ನಾನೇನು ಮಾಡ್ಲಿ ಹೇಳು."

"ನಾಲ್ಕು ಅನ್ನು."

"ನಿನಗೂ ಗೊತ್ತಾಯ್ತಲ್ಲ ಮಗಳೇ."

"ನಂಗೇನೂ ಗೊತ್ತಿಲ್ಲ. ನಾನಾಗ ಹುಟ್ಟೇ ಇರ್ಲಿಲ್ಲ." ಅವಳು ರೊಟ್ಟಿಯನ್ನು ಒಲೆಯ ಪಕ್ಕ ಹಾಕಿದಳು. "ಅಮ್ಮ, ನಾನು ಅವನನ್ನ ಬಿಟ್ಟು ಇನ್ಯಾರನ್ನೂ ಮಾಡ್ಕೊಳ್ಳಲ್ಲ. ಮಾಡ್ಕೊಳ್ಳೋ ಶಕ್ತಿ ನನಗಿಲ್ಲ. ನಿನ್ನ ಆ ಮಗು ಸತ್ತಿದ್ದು ನನ್ನ ತಪ್ಪಾ? ಅದರ ಹಾಲಿಗೆ ನಾನ್ಯಾಕೆ ಬೆಲೆ ಕೊಡ್ಬೇಕು?"

ಇಪ್ಪತ್ತೇಳು ವರ್ಷದಲ್ಲಿ ಆ ಮಗುವಿನ ಸುದ್ದಿಯನ್ನು ಮನೆಯಲ್ಲಿ ಯಾರೂ ಇಷ್ಟು ಗಟ್ಟಿಯಾಗಿ ಎತ್ತಿರಲಿಲ್ಲ. ತಫೀದಾ ಸುಮ್ಮನಿರೇ ಎಂದು ಗದರಿದಳು. ರತೀಬಾ ನೆಲದಿಂದ ಎದ್ದಳು. ಅವಳ ಬೆರಳಿನಲ್ಲಿ ಚೂರು ನಾಟಿ ರಕ್ತ ಬರುತ್ತಿತ್ತು.

"ಆಯ್ತು. ನಾಲ್ಕು," ಎಂದಳು.

ಆಮೇಲಿನ ದಿನಗಳು ಮೇಲುನೋಟಕ್ಕೆ ಚೆನ್ನಾಗಿಯೇ ಇದ್ದವು. ಅಮಾನಿ ತಾಯಿಯ ಬೆರಳಿಗೆ ಪಟ್ಟಿ ಕಟ್ಟಿದಳು. ಫಿಕ್ರಿ ಮೇಲೆ ಬಂದು ಉಂಡ, ಸೊಪ್ಪಿನ ಸಾರು ಚೆನ್ನಾಗಿದೆ ಎಂದೂ ಅಂದ. ದಿಂಬಿನ ಗವಸುಗಳಿಗೆ ಗುಂಡಿ ಹೊಲಿಯುವುದು, ಹಾಸಿಗೆಗೆ ಹತ್ತಿ ತುಂಬಿಸುವುದು, ನೆಂಟರನ್ನು ಕರೆಯುವುದು ಎಲ್ಲ ನಡೆಯಿತು. ಯಾರೂ ಒಬ್ಬರನ್ನೊಬ್ಬರು ನೆಟ್ಟಗೆ ನೋಡುತ್ತಿರಲಿಲ್ಲ. ಹೇಳಿದರೆ ಮಗಳು ಮುಗಿದಳು. ಹೇಳದಿದ್ದರೆ ಮಗಳ ಮಂಚಕ್ಕೆ ತಾನೇ ಹಾಸಿಗೆ ಹಾಸಿದ ಹಾಗೆ. ರತೀಬಾಳಿಗೆ ಮೂರನೆಯ ದಾರಿ ಯಾವುದೂ ಕಾಣಲಿಲ್ಲ.

ನಿಕಾಹ್‌ಗೆ ಆರು ದಿನ ಇದ್ದಾಗ, ಮತ್ತೊಂದು ಶುಕ್ರವಾರ, ಹೈಸಮ್ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ, "ಚಿಕ್ಕಮ್ಮ, ಒಂದು ಮಾತು ಕೇಳ್ಲಾ?" ಎಂದ.

"ಕೇಳಪ್ಪ."

"ಮೆರವಣಿಗೆ ದಿನ ಗಂಡಿನ ಕಡೆ ತಾಯಿ ಇರ್ಬೇಕಲ್ಲ. ನನ್ನ ಕಡೆ ಯಾರೂ ಇಲ್ಲ. ನೀವೇ ನಿಂತ್ಕೊಳ್ತೀರಾ? ಅಮ್ಮ ಹೋಗೋ ಮುಂಚೆ ಹೇಳಿದ್ಲು, ನಾನಿಲ್ಲ ಅಂತ ಅನ್ನಿಸಿದಾಗ ರತೀಬಾ ಮನೆಗೆ ಹೋಗು, ತನ್ನ ಮಗೂನ ಮಣ್ಣಿಗಿಟ್ಟ ಕೈಯಲ್ಲೇ ನಿನ್ನನ್ನ ಎತ್ಕೊಂಡವಳು ಅವಳು, ಅಂತ."

"ಎರಡೂ ಕಡೆ ತಾಯಿ ಅವಳೇ ಆದ್ರೆ ಜಗಳಾಡೋದು ಯಾರ ಹತ್ರ?" ಎಂದು ತಫೀದಾ ಮಾತು ತೇಲಿಸಲು ನೋಡಿದಳು. ಅಮಾನಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆ ರಾತ್ರಿಯಲ್ಲ, ಮರುದಿನವೂ ಅಲ್ಲ, ಮಂಗಳವಾರ ಬೆಳ್ಳುಳ್ಳಿ ಸುಲಿಯುತ್ತಿದ್ದಾಗ ರತೀಬಾಳಿಗೆ ಒಂದು ಸಂಗತಿ ಹೊಳೆಯಿತು. ಗಂಡ ಹೇಳಿದ, ಅತ್ತೆ ಹೇಳಿದಳು, ಶೇಖ್ ಹೇಳಿದರು, ಮಗಳು ಹೇಳಿದಳು. ಹಾಲು ಕುಡಿದವನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅವನು ನಂಬಿಕೆಯಿಂದ ಬಂದು ಉಂಡು, ನಂಬಿಕೆಯಿಂದ ಮಂಚಕ್ಕೆ ಮೆರುಗು ತಿಕ್ಕುತ್ತಿದ್ದ. ಎಲ್ಲರೂ ಸೇರಿ ಅವನೊಬ್ಬನನ್ನು ಕುರುಡನನ್ನಾಗಿ ಮಾಡಿದ್ದರು.

ಬುಧವಾರ ಪೀಠೋಪಕರಣ ಸಾಗಿಸುವ ದಿನ. ಕೆಳಗೆ ಫಿಕ್ರಿ ಮತ್ತು ಆಳುಗಳು ಬೀರುವನ್ನು ಗಾಡಿಗೇರಿಸುತ್ತಿದ್ದರು. ಅಮಾನಿ ದರ್ಜಿಯ ಮನೆಗೆ ಹೋಗಿದ್ದಳು. ಮೇಲೆ ಬಾಗಿಲು ತಟ್ಟಿದ ಸದ್ದಾಯಿತು, ಮೂರು ಸಲ, ಬೇಗ ಬೇಗ.

ಸೋಫಾದಲ್ಲಿದ್ದ ತಫೀದಾ ಸೆರಗನ್ನು ತಲೆಗೆಳೆದುಕೊಂಡಳು. ರತೀಬಾಳ ಕೈ ಗೂಟದಲ್ಲಿದ್ದ ತಲೆವಸ್ತ್ರದವರೆಗೆ ಹೋಗಿ, ಹಾಗೇ ಹಿಂದೆ ಬಂತು. ಅವಳು ಬರಿದಲೆಯಲ್ಲೇ ಹೋಗಿ ಬಾಗಿಲು ತೆಗೆದಳು.

ಹೈಸಮ್ ಒಂದು ಕ್ಷಣ ನೋಡಿ ತಟ್ಟನೆ ಗೋಡೆಯ ಕಡೆ ಮುಖ ತಿರುಗಿಸಿದ. "ಕ್ಷಮಿಸಿ ಚಿಕ್ಕಮ್ಮ, ಆಮೇಲೆ ಬರ್ತೀನಿ. ಕನ್ನಡಿ ಎಲ್ಲಿ ಕಟ್ಟೋದು ಅಂತ ಕೇಳಕ್ಕೆ..."

"ಹೈಸಮ್, ಈ ಕಡೆ ನೋಡು."

"ನಿಮ್ಮ ತಲೆ ಮೇಲೆ..."

"ಗೊತ್ತು. ನೀನು ನೋಡಿದ್ರೆ ತಪ್ಪಿಲ್ಲ. ನೀನು ನನ್ನ ಮಗ. ಐದು ಸಲ ಕುಡಿದಿದೀಯ."

ಅವನು ಗೋಡೆಯನ್ನೇ ನೋಡುತ್ತ ನಿಂತಿದ್ದ. ಕೆಳಗಿನಿಂದ ಫಿಕ್ರಿಯ ಕೂಗು ಬಂತು: ನಿಧಾನ, ಮೂಲೆ, ಮೂಲೆ ನೋಡ್ಕೊಳ್ರೋ.

"ನಾಲ್ಕು ಅಂದಿದ್ರಲ್ಲ," ಎಂದ ಕೊನೆಗೆ.

"ಐದು. ನಿನ್ನಮ್ಮ ಆಸ್ಪತ್ರೆಯಿಂದ ಬಂದ ಮೇಲೆ ಇನ್ನೊಂದ್ಸಲ. ಆವತ್ತು ನಿನಗೆ ಹಸಿವಿರ್ಲಿಲ್ಲ. ನನಗಿತ್ತು."

"ಯಾರಿಗೆಲ್ಲ ಗೊತ್ತು?"

"ನನಗೆ, ನಿನ್ನ ಫಿಕ್ರಿ ಚಿಕ್ಕಪ್ಪನಿಗೆ, ಅಜ್ಜಿಗೆ."

"ಅಮಾನಿಗೆ?"

ಸೋಫಾದಲ್ಲಿ ತಫೀದಾ ಬಾಗಿಲ ಕಡೆಗೆ ಕಿವಿ ತಿರುಗಿಸಿದಳು.

"ಇಲ್ಲ," ಎಂದಳು ರತೀಬಾ. "ಅವಳಿಗೆ ಗೊತ್ತಿಲ್ಲ. ಗೊತ್ತಾಗಿದ್ರೆ ಆ ಕ್ಷಣವೇ ನಿನಗೆ ಹೇಳಿರೋಳು."

ಆಗ ಹೈಸಮ್ ತಿರುಗಿದ. ರತೀಬಾಳ ನರೆತ, ಕಿವಿಯ ಹಿಂದೆ ತೆಳುವಾದ ಕೂದಲನ್ನು ಮೊದಲ ಸಲ ನೋಡಿದ. ಮೆಟ್ಟಿಲ ಮೇಲೆ ಕೂತು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಅವನ ತಲೆಯ ಮೇಲೆ ಕೈಯಿಡಬಹುದಾದ ಹಕ್ಕು ಆಗಷ್ಟೇ ಸಿಕ್ಕಿದ್ದರೂ ರತೀಬಾಳಿಗೆ ಕೈ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಅವನು ಎದ್ದು ಕೆಳಗೆ ಹೋದ. ಗಾಡಿಗೇರಿದ್ದ ಬೀರು ಮತ್ತೆ ಇಳಿಯುವ ಸದ್ದು ಕೇಳಿಸಿತು.

ಫಿಕ್ರಿ ಬೈಯಲಿಲ್ಲ, ಕೈಯೆತ್ತಲಿಲ್ಲ. ಮೇಲೆ ಬಂದು ಹೆಂಡತಿಯ ಎದುರು ನಿಂತು, "ಇನ್ನು ನೀನೂ ಅವಳೂ ಇದೇ ಮನೇಲಿ ಇರ್ಬೇಕು. ಇರಿ," ಎಂದು ಇಳಿದುಹೋದ. ಅಂದಿನಿಂದ ಅವನ ಊಟ ಅಂಗಡಿಯಲ್ಲೇ. ಮಂಚ ಒಂದು ತಿಂಗಳು ಬಟ್ಟೆ ಹೊದ್ದು ಅಲ್ಲೇ ನಿಂತಿತ್ತು. ಆಮೇಲೆ ಮನ್ಸೂರಾ ಊರಿನವರು ಯಾರೋ ಬಂದು ತಮ್ಮ ಮಗಳಿಗೆಂದು ಕೊಂಡುಹೋದರು. ಬಳ್ಳಿಯ ಕೆತ್ತನೆ ಬಹಳ ಚೆನ್ನಾಗಿದೆ ಎಂದು ಹೊಗಳಿದರಂತೆ.

ಅಮಾನಿ ಅಳಲಿಲ್ಲ. ಕಸ ಗುಡಿಸಿದಳು, ನೀರು ಹಿಡಿದಳು, ಅಪ್ಪನಿಗೆ ಬುತ್ತಿ ಕೊಟ್ಟು ಬಂದಳು. ಅಮ್ಮ ಅನ್ನುವ ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ. ಉಂಡಾದ ಮೇಲೆ ಅಪ್ಪನ ತಟ್ಟೆ, ಅಜ್ಜಿಯ ತಟ್ಟೆ, ತನ್ನ ತಟ್ಟೆ ತೊಳೆದು, ತಾಯಿಯದನ್ನು ಹಾಗೇ ಬಿಡುತ್ತಿದ್ದಳು. ಅಂಗಡಿಬೀದಿಯಲ್ಲಿ ಹೆಂಗಸರು ರತೀಬಾಳನ್ನು ಕಂಡರೆ ತರಕಾರಿ ಆರಿಸುವುದನ್ನು ನಿಲ್ಲಿಸುತ್ತಿದ್ದರು. ಕೆಲವರು ಅವಳಂಥ ದೈವಭಕ್ತೆ ಇಲ್ಲ ಅಂದರು. ಹಾಗೆಂದವರ ಮನೆಗಾದರೂ ಹೋಗಿ ಅತ್ತುಬಿಡೋಣ ಎಂದು ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ.

ಮನೆಯಲ್ಲಿ ಮಾತಾಡುತ್ತಿದ್ದವಳು ತಫೀದಾ ಒಬ್ಬಳೇ. "ನೀನು ಮಾಡಿದ್ದು ಸರಿ ಕಣೇ ರತೀಬಾ. ಆದ್ರೆ ನಿನ್ನ ಮುಖ ನೋಡಕ್ಕೆ ನಂಗಿಷ್ಟ ಇಲ್ಲ. ಪುಣ್ಯಕ್ಕೆ ಕಣ್ಣೂ ಕಾಣಲ್ಲ."

ಒಂದು ದಿನ ಅವಳೇ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು, ಬಾಗಿಲಲ್ಲಿ ರತೀಬಾ ಹೇಳಿದ ಆ ಒಂದು ಸುಳ್ಳಿನ ಸುದ್ದಿ ಹೇಳಿದಳು. ಹೈಸಮ್ ಈಗಲೂ ನಿನ್ನನ್ನ ಏನೂ ಅರಿಯದವಳು ಅಂತಲೇ ತಿಳಿದಿದಾನೆ ಎಂದಳು. ಆ ದಿನ ಮಧ್ಯಾಹ್ನ ತಾಯಿಯ ತಟ್ಟೆಯೂ ತೊಳೆದು ಕವುಚಿಟ್ಟಿತ್ತು. ಅಮ್ಮ ಅನ್ನುವ ಮಾತು ಇನ್ನೂ ಬರಲಿಲ್ಲ.

ಈದ್‌ನ ಎರಡನೆಯ ದಿನ ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಮೂರು ಸಲ. ಬೇಗ ಬೇಗ ಇರಲಿಲ್ಲ ಅಷ್ಟೆ.

ಮೂವರೂ ಇದ್ದಲ್ಲೇ ಉಳಿದರು. ರತೀಬಾಳ ತಲೆವಸ್ತ್ರ ಗೂಟದಲ್ಲಿತ್ತು, ಅವಳು ಅದಕ್ಕೆ ಕೈಹಾಕಲಿಲ್ಲ. ತಫೀದಾ ಸೋಫಾದಿಂದ ಕಾಲು ಕೆಳಗಿಳಿಸಿ ಕೋಲು ಹುಡುಕಿದಳು. "ನಾನು ಒಳಗೆ ಹೋಗ್ತೀನಿ. ಅಣ್ಣ ತಂಗಿ ಕೂತು ಮಾತಾಡ್ಲಿ. ಇನ್ನು ಕಾವಲಿಗೆ ನಾನ್ಯಾಕೆ?"

ಒಂದು ವರ್ಷ ಆ ಇಬ್ಬರೂ ಒಂದು ನಿಮಿಷದ ಏಕಾಂತಕ್ಕಾಗಿ ಎಷ್ಟು ಉಪಾಯ ಮಾಡಿದ್ದರೋ. ಈಗ ಬೇಕಾದಷ್ಟು ಹೊತ್ತು, ಬಾಗಿಲು ಹಾಕಿಕೊಂಡು ಕೂತರೂ ಕೇಳುವವರಿಲ್ಲ.

"ಅಜ್ಜಿ, ಕೂತ್ಕೋ," ಎಂದಳು ಅಮಾನಿ.

"ಯಾಕೇ?"

"ನಿನ್ನ ಜಾಗದಲ್ಲಿ ಕೂತ್ಕೋ."

ತಫೀದಾ ಕೂತಳು. ಅಮಾನಿ ಒಳಗೆ ಹೋಗಿ ತನ್ನ ಕಂದು ತಲೆವಸ್ತ್ರ ತಂದಳು. ಕನ್ನಡಿಯ ಮುಂದೆ ನಿಂತು, ಪಿನ್ನನ್ನು ತುಟಿಯಲ್ಲಿ ಕಚ್ಚಿಕೊಂಡು, ಹಣೆಯ ಮೇಲಿನ ಕೂದಲೆಲ್ಲ ಒಳಗೆ ಸೇರಿಸಿ ಕಟ್ಟಿದಳು. ಗದ್ದದ ಕೆಳಗೆ ಒಂದು ಪಿನ್ನು ಚುಚ್ಚಿದಳು. ಕಿವಿಯ ಹತ್ತಿರ ಇನ್ನೊಂದು.

"ಅವನ ಮುಂದೆ ಅದು ಬೇಕಾಗಿಲ್ಲ ಮಗಳೇ," ಎಂದಳು ರತೀಬಾ, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ.

"ನಂಗೆ ಬೇಕು ಅಮ್ಮ," ಎಂದಳು ಅಮಾನಿ.

ಅವಳು ಹೋಗಿ ಬಾಗಿಲು ತೆಗೆದಳು. ಹೈಸಮ್ ಕಣ್ಣು ಕೆಳಗೆ ಹಾಕಿ ನಿಂತಿದ್ದ. ಅವನ ಕೈಯಲ್ಲಿ ಹಸಿರು ಅಂಚಿನ, ಹಲ್ಲುಹಲ್ಲಿನ ತಟ್ಟೆ. ಉಳಿದ ನಾಲ್ಕರಲ್ಲಿ ಒಂದು. ಹಬ್ಬದ ಸಕ್ಕರೆ ಬಿಸ್ಕತ್ತುಗಳಿಂದ ಹುಂಜ ಮುಚ್ಚಿಹೋಗಿತ್ತು. ಅಮಾನಿ ಅವನ ಬೆರಳು ತಾಗದಂತೆ ಎರಡೂ ಕೈಯಿಂದ ತಟ್ಟೆ ತೆಗೆದುಕೊಂಡಳು.

ತುಂಬಿ ಬಂದ ತಟ್ಟೆಯನ್ನು ತುಂಬಿಯೇ ಕಳಿಸಬೇಕು. ರತೀಬಾ ಬರಿದಲೆಯಲ್ಲೇ ಅಡುಗೆಮನೆಗೆ ಹೋಗಿ, ಹಾಕಿಕೊಡಲು ಏನಿದೆ ಎಂದು ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡತೊಡಗಿದಳು.